ಹುಣಸೆಮರದ ಬೋರ್ಡಿನ ಮೇಲಿರುವ ‘ಇಂಡಿಕಾ’ – ಅಂದರೆ ಭಾರತದ್ದು ಅಂತಲೇ?

ಹುಣಸೆತೋಪು

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಾ ತಾಲ್ಲೂಕಿನ ಒಂದು ಹಳ್ಳಿ. ಊರ ಶಾಲೆಯ ಅಂಗಳದಲ್ಲಿ ದೊಡ್ಡ ಹುಣಸೆಮರವಿದೆ. ಯಾವ ಕಾಲದಲ್ಲೋ ಯಾರೋ ಅದಕ್ಕೆ ತಗಡಿನ ಬೋರ್ಡು ಹೊಡೆದಿದ್ದಾರೆ. ತೊಗಟೆ ಬೆಳೆದು ಬೋರ್ಡಿನ ಎರಡು ಅಂಚನ್ನೂ ನುಂಗಿದೆ, ಮೊಳೆ ಎಲ್ಲಿದೆ ಅಂತಲೇ ಕಾಣುವುದಿಲ್ಲ. ಉಳಿದಿರುವುದರಲ್ಲಿ ‘…ರಿಂಡಸ್ ಇಂಡಿಕಾ’ ಅಂತ ಓದಬಹುದು.

ಮಗಳು ಪಿಯುಸಿಯಲ್ಲಿ ಜೀವಶಾಸ್ತ್ರ ಓದುತ್ತಿದ್ದಾಳೆ. ಮೊನ್ನೆ ಮರದಡಿ ನಿಂತು ಎರಡು ಪ್ರಶ್ನೆ ಕೇಳಿದಳು, ನನಗೆ ಉತ್ತರ ಹೊಳೆಯಲಿಲ್ಲ. ಒಂದು: ಇಂಡಿಕಾ ಅಂದರೆ ಭಾರತದ್ದು ಅಂತಾದರೆ, ಹುಣಸೆ ಆಫ್ರಿಕಾದ ಮರ ಅಂತ ಪುಸ್ತಕಗಳಲ್ಲಿ ಯಾಕೆ ಬರೆಯುತ್ತಾರೆ? ಎರಡು: ಟ್ಯಾಮರಿಂಡಸ್ ಅಂತ ‘ಅಸ್’ನಲ್ಲಿ ಮುಗಿದ ಮೇಲೆ ಇಂಡಿಕಸ್ ಆಗಬೇಕಿತ್ತಲ್ಲ, ಇಂಡಿಕಾ ಯಾಕೆ?

ಶಾಲೆಯ ಮರಗಳಿಗೆಲ್ಲ ಹೊಸ ಬೋರ್ಡು ಬರೆಸುವ ಕೆಲಸ ನಾನೇ ಒಪ್ಪಿಕೊಂಡಿದ್ದೇನೆ. ತಪ್ಪು ಬರೆಸಬಾರದು ಅನ್ನೋ ಆಸೆ. ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಪದಮೂಲಿಗ

ಒಳ್ಳೇ ಪ್ರಶ್ನೆ ಕೇಳಿದ್ದಾಳೆ ಮಗಳು. ಗಿಡದ ವಿಷಯ ಗೊತ್ತಿರುವವರು ಗಿಡದ ಬಗ್ಗೆ ಹೇಳಲಿ, ನಾನು ಪದ ಬಿಡಿಸುತ್ತೇನೆ.

ಲ್ಯಾಟಿನ್ ಪದವಾದರೂ ಅದರ ಬೇರು ‘ಸಿಂಧು’. ಸಂಸ್ಕೃತದಲ್ಲಿ ಸಿಂಧು ಅಂದರೆ ಹೊಳೆ, ನದಿ. ಆ ಒಂದು ಮಹಾನದಿಯ ಹೆಸರೂ ಹೌದು. ಹಳೇ ಪರ್ಷಿಯನ್ನಿನಲ್ಲಿ ಪದದ ಮೊದಲಿನ ‘ಸ’ ‘ಹ’ ಆಗುತ್ತದೆ. ನಮ್ಮ ಸಪ್ತ ಇವತ್ತಿಗೂ ಪರ್ಷಿಯನ್ನಿನಲ್ಲಿ ‘ಹಫ್ತ್’. ಹಾಗಾಗಿ ದೊರೆ ದಾರಿಯಸನ ಶಾಸನಗಳಲ್ಲಿ ಸಿಂಧೂ ಪ್ರಾಂತ್ಯದ ಹೆಸರು ‘ಹಿಂದುಶ್’. ಪರ್ಷಿಯನ್ನರ ಆಳ್ವಿಕೆಯಲ್ಲಿದ್ದ ಏಷ್ಯಾ ಮೈನರ್ (ಇಂದಿನ ಟರ್ಕಿ) ಕರಾವಳಿಯ ಅಯೋನಿಯನ್ ಗ್ರೀಕರು ಪದದ ಮೊದಲಿನ ‘ಹ’ ಉಚ್ಚರಿಸುತ್ತಿರಲಿಲ್ಲ. ಅವರ ಬಾಯಲ್ಲಿ ಅದು ‘ಇಂಡೋಸ್’ ಆಯಿತು.

‘ಸ’ ಹೋಗಿ ‘ಹ’ ಬಂದು, ಆ ‘ಹ’ವೂ ಉದುರಿದ್ದು ವಿಚಿತ್ರ ಅನ್ನಿಸಿದರೆ ನಮ್ಮ ಮಾತನ್ನೇ ಕೇಳಿಸಿಕೊಳ್ಳಿ. ಹಳಗನ್ನಡದ ‘ಪಾಲ್’ ಹೊಸಗನ್ನಡದಲ್ಲಿ ‘ಹಾಲು’. ನಮ್ಮ ಮಂಡ್ಯದ ಹಳ್ಳಿಗಳಲ್ಲಿ ‘ಆಲು’. ಪ ಹೋಗಿ ಹ ಬಂತು, ಹ ಹೋಗಿ ಬರೀ ಸ್ವರ ಉಳಿಯಿತು. ಹೆಚ್ಚುಕಡಿಮೆ ಅದೇ ನಡಿಗೆ.

ಇಂಡೋಸ್‌ಗೆ ‘ಇಕೋಸ್’ ಪ್ರತ್ಯಯ ಸೇರಿಸಿದರೆ ಗ್ರೀಕಿನ ಇಂಡಿಕೋಸ್. ಅದನ್ನೇ ರೋಮನ್ನರು ತೆಗೆದುಕೊಂಡು ‘ಇಂಡಿಕುಸ್’ ಮಾಡಿದರು (ಲ್ಯಾಟಿನ್ನಿನ ಈ ‘ಉಸ್’ ಅನ್ನೇ ಇಂಗ್ಲಿಷ್ ಉಚ್ಚಾರದಲ್ಲಿ ನಾವು ‘ಅಸ್’ ಅನ್ನುವುದು). ಗಂಡಿಗೆ ಇಂಡಿಕುಸ್, ಹೆಣ್ಣಿಗೆ ಇಂಡಿಕಾ, ನಪುಂಸಕಕ್ಕೆ ಇಂಡಿಕುಮ್. ಇನ್ನೊಂದು ಮಾತು: ಶಾಲೆಯಲ್ಲಿ ಎಲ್ಲರೂ ಓದಿದ ಮೆಗಸ್ತನೀಸನ ‘ಇಂಡಿಕಾ’ ಮತ್ತು ಹುಣಸೆಯ ‘ಇಂಡಿಕಾ’ ಕಿವಿಗೆ ಒಂದೇ, ರೂಪ ಬೇರೆ. ಅವನದು ಗ್ರೀಕ್ ನಪುಂಸಕ ಬಹುವಚನ, ‘ಭಾರತದ ಸಂಗತಿಗಳು’ ಅಂತ. ಹುಣಸೆಯದು ಲ್ಯಾಟಿನ್ ಸ್ತ್ರೀಲಿಂಗ ಏಕವಚನ.

ಧಾರವಾಡಿ

ಪದಮೂಲಿಗ ಅವರು ಬರದಿದ್ದು ಓದಿ ಭಾಳ ಖುಷಿ ಆತ್ರೀ. ಒಂದು ಮಾತು ಸೇರಸ್ತೀನಿ. ಈ ಇಂಡಿಕುಸ್ ಪದಕ್ಕ ಒಬ್ಬ ಖಾಸಾ ತಮ್ಮ ನಮ್ಮ ಅಡಿಗಿಮನ್ಯಾಗ ಅದಾನ – ‘ಸೈಂಧವ’. ಉಪವಾಸದ ದಿನ ಉಪ್ಪಿಟ್ಟಿಗೆ ಹಾಕೂ ಸೈಂಧವ ಲವಣ ಅಂದ್ರ ಸಿಂಧೂ ಸೀಮೀದ್ದು ಅಂತ ಅರ್ಥ. ಕಾವ್ಯದಾಗ ಜಯದ್ರಥನ್ನ ಸೈಂಧವ ಅಂತಾರಲ್ಲ, ಅದೂ ಅದಽ ಪದ: ಸಿಂಧೂ ದೇಶದ ದೊರೆ. ಬೇರು ಒಂದಽ, ಒಬ್ಬ ಪಶ್ಚಿಮಕ್ಕ ಹೋಗಿ ಇಂಡಿಕುಸ್ ಆದ, ಒಬ್ಬ ಮನ್ಯಾಗ ಉಳದು ಸೈಂಧವ ಆದ.

ಶಾಸ್ತ್ರದಾಗ ಇದರ ಮ್ಯಾಲೆ ಒಂದು ಹಳೇ ಉದಾಹರಣೆ ಅದರೀ. ‘ಸೈಂಧವಮಾನಯ’, ಅಂದ್ರ ‘ಸೈಂಧವ ತಗೊಂಡು ಬಾ’. ಸೈಂಧವ ಅಂದ್ರ ಉಪ್ಪೂ ಹೌದು, ಸಿಂಧೂ ಕಡೇದ ಕುದುರೀನೂ ಹೌದು. ಊಟಕ್ಕ ಕೂತವ ಹಂಗಂದ್ರ ಉಪ್ಪು ತರಬೇಕು, ಪಯಣಕ್ಕ ಹೊಂಟವ ಅಂದ್ರ ಕುದುರಿ ತರಬೇಕು. ಊರಿನ ಹೆಸರಿಂದ ಹುಟ್ಟಿದ ಪದದ ಅರ್ಥ ಯಾರು, ಎಲ್ಲಿ ನಿಂತು ಅಂದ್ರು ಅನ್ನೂದರ ಮ್ಯಾಲೆ ನಿಂತಿರತದ. ಹುಣಸಿಯ ಇಂಡಿಕಾಕ್ಕೂ ಇದನ್ನಽ ಕೇಳಬೇಕು ಅಂತ ನನಗ ಅನಸ್ತದ.

ಗಿಡಮೇಡಂ

ನಾನು ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ಮಗುವಿನ ಎರಡನೇ ಪ್ರಶ್ನೆ ಮೊದಲು.

ಲ್ಯಾಟಿನ್ನಿನಲ್ಲಿ ಮರಗಳ ಹೆಸರು ‘ಉಸ್’ನಲ್ಲಿ ಮುಗಿದರೂ ಸಾಮಾನ್ಯವಾಗಿ ಸ್ತ್ರೀಲಿಂಗ. ಅರಳಿ ಫೈಕಸ್ ರಿಲಿಜಿಯೋಸಾ, ರಿಲಿಜಿಯೋಸಸ್ ಅಲ್ಲ. ಹಾಗೆಯೇ ಟ್ಯಾಮರಿಂಡಸ್ ಇಂಡಿಕಾ. ಆದರೆ ‘ಕಾರ್ಪಸ್’ ಅಂತ ಕೊನೆಯಾಗುವ ಹೆಸರುಗಳು ಪುಲ್ಲಿಂಗ, ಅದು ಹಣ್ಣು ಅನ್ನೋ ಅರ್ಥದ ಗ್ರೀಕ್ ಪದದಿಂದ ಬಂದದ್ದು. ಹಾಗಾಗಿ ಹೆಬ್ಬಲಸು ಆರ್ಟೋಕಾರ್ಪಸ್ ಹಿರ್ಸುಟಸ್, ನಮ್ಮ ಹೊನ್ನೆಯ ಕುಲದ ಇನ್ನೊಂದು ಮರ ಟೆರೋಕಾರ್ಪಸ್ ಇಂಡಿಕಸ್. ಎಳ್ಳು ನಪುಂಸಕ: ಸೆಸಮಮ್ ಇಂಡಿಕಮ್. ಕನ್ನಡದಲ್ಲಿ ದೊಡ್ಡ ಹುಡುಗ, ದೊಡ್ಡ ಹುಡುಗಿ, ದೊಡ್ಡ ಮರ – ‘ದೊಡ್ಡ’ ಬದಲಾಗುವುದಿಲ್ಲ. ಲ್ಯಾಟಿನ್ನಿನಲ್ಲಿ ಸಂಸ್ಕೃತದ ಹಾಗೆ ವಿಶೇಷಣವೂ ನಾಮಪದದ ಲಿಂಗ ಹಿಡಿದೇ ನಡೆಯಬೇಕು. ಮಗಳಿಗೆ ಅನುಮಾನ ಬಂದದ್ದು ಸರಿಯಾದ ಜಾಗದಲ್ಲೇ.

ಈಗ ಮೊದಲ ಪ್ರಶ್ನೆ. ಅರಬ್ ವರ್ತಕರಿಗೆ ಹುಣಸೆಹಣ್ಣು ಸಿಕ್ಕಿದ್ದು ನಮ್ಮ ಕಡೆಯಿಂದ. ಬೀಜ, ನಾರು ತೆಗೆದು ಮುದ್ದೆ ಮಾಡಿದ ಹುಣಸೆ ನೋಡಲು ಒತ್ತಿ ಇಟ್ಟ ಖರ್ಜೂರದ ಹಾಗೇ ಇರುತ್ತದೆ. ಅದಕ್ಕೇ ‘ತಮರ್ ಹಿಂದೀ’ ಅಂದರು – ಹಿಂದ್‌ನ ಖರ್ಜೂರ. ಅದು ಮಧ್ಯಯುಗದ ಲ್ಯಾಟಿನ್ನಿನಲ್ಲಿ ‘ತಮರಿಂಡುಸ್’ ಆಯಿತು. 1753ರಲ್ಲಿ, ಎರಡು ಪದದ ಶಾಸ್ತ್ರೀಯ ಹೆಸರಿನ ಪದ್ಧತಿ ನೆಲೆಗೊಳಿಸಿದ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಅದನ್ನೇ ಕುಲದ ಹೆಸರು ಮಾಡಿ, ಮುಂದೆ ‘ಇಂಡಿಕಾ’ ಸೇರಿಸಿದ. ಅಂದರೆ ಆ ಬೋರ್ಡಿನ ಮೇಲೆ ಸಿಂಧು ಎರಡು ಸಲ ಇದೆ: ರಿಂಡಸ್‌ನ ಒಳಗೊಮ್ಮೆ, ಇಂಡಿಕಾದಲ್ಲೊಮ್ಮೆ. ಆದರೆ ಮರ ತಾನಾಗಿ ಹುಟ್ಟಿ ಬೆಳೆದ ನೆಲ ಆಫ್ರಿಕಾದ ಒಣ ಹುಲ್ಲುಗಾವಲು ಸೀಮೆ. ಹೆಸರು ಹೇಳುತ್ತಿರುವುದು ಸರಕು ಬಂದ ದಾರಿಯನ್ನು. ಮರದ ತವರು ಯಾವುದು ಅನ್ನುವುದು ಅದರಲ್ಲಿ ಇಲ್ಲ.

ಕಾಡುಹಾದಿ

ಮೇಡಂ, ಗೌರವದಿಂದಲೇ ಹೇಳುತ್ತೇನೆ, ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಹಳಗನ್ನಡದಲ್ಲಿ ಪುಣಿಸೆ, ಸಂಸ್ಕೃತದಲ್ಲಿ ಚಿಂಚಾ, ತಿಂತ್ರಿಣಿ, ತಮಿಳಿನಲ್ಲಿ ಪುಳಿ. ಹುಣಸಮಾರನಹಳ್ಳಿಯಂಥ ಊರ ಹೆಸರುಗಳಲ್ಲೇ ಹುಣಸೆ ಕೂತಿದೆ. ಹುಣಸೆ ಇಲ್ಲದ ಸಾರು ನಮ್ಮ ಬಯಲುಸೀಮೆಯಲ್ಲಿ ಸಾರೇ ಅಲ್ಲ. ಇಷ್ಟು ಹಳೆಯ ಸಂಬಂಧ ಇರುವ ಮರವನ್ನು ಹೊರಗಿನದು ಅಂದರೆ ಹೇಗೆ? ನಮ್ಮದಕ್ಕೆಲ್ಲ ಹೊರಗಿನ ಮೂಲ ಹುಡುಕುವ ಅಭ್ಯಾಸ ನನಗೆ ನೋವು ಕೊಡುತ್ತದೆ.

ಗಿಡಮೇಡಂ

ನಿಮ್ಮ ನೋವು ಅರ್ಥವಾಗುತ್ತದೆ. ಹೆಸರುಗಳು ಹಳೆಯವು ಅನ್ನುವುದೂ ನಿಜ. ಮರ ಇಲ್ಲಿಗೆ ಬಂದು ಸಾವಿರಾರು ವರ್ಷವಾಯಿತು ಅನ್ನುವುದಕ್ಕೆ ಅವೇ ಸಾಕ್ಷಿ. ಅರಬ್ಬರಿಗೆ ಅದು ಹಿಂದ್‌ನ ಹಣ್ಣು ಅಂತ ಕಾಣಿಸಬೇಕಾದರೆ ಆ ಹೊತ್ತಿಗೆ ಇಲ್ಲಿ ಅದು ಎಷ್ಟು ನೆಲೆಯೂರಿತ್ತು ಯೋಚಿಸಿ. ಸಸ್ಯಶಾಸ್ತ್ರ ಕೇಳುವುದು ಬೇರೆ ಪ್ರಶ್ನೆ: ಮನುಷ್ಯನ ಕೈ ಸೋಕದೆ ಈ ಪ್ರಭೇದ ಎಲ್ಲಿ ಬೆಳೆದು ಬಂತು? ಅದಕ್ಕೆ ಉತ್ತರ ಆಫ್ರಿಕಾ. ಎರಡೂ ಒಟ್ಟಿಗೆ ನಿಜವಾಗಬಹುದು. ಮೆಣಸಿನಕಾಯಿ ಅಮೆರಿಕದಿಂದ ಬಂದು ಐದು ಶತಮಾನ ಆಗಿದೆ ಅಷ್ಟೇ, ಬ್ಯಾಡಗಿಯವರ ಹತ್ತಿರ ಅದು ಪರದೇಶದ್ದು ಅಂದು ನೋಡಿ.

ಇನ್ನೊಂದು ಮಗ್ಗುಲೂ ಇದೆ. ಸಂಕ್ರಾಂತಿಗೆ ಮಕ್ಕಳ ತಲೆಯ ಮೇಲೆ ಸುರಿಯುವ ಎಲಚಿ ಹಣ್ಣು ನಮ್ಮ ಉಪಖಂಡದ್ದೇ. ಅದರ ಹೆಸರು ಜಿಜಿಫಸ್ ಮಾರಿಷಿಯಾನಾ, ಅಂದರೆ ಮಾರಿಷಸ್ಸಿನದು. 1789ರಲ್ಲಿ ಫ್ರೆಂಚ್ ವಿಜ್ಞಾನಿ ಲಮಾರ್ಕ್ ಇಟ್ಟದ್ದು. ನಮ್ಮದಲ್ಲದ್ದಕ್ಕೆ ನಮ್ಮ ಹೆಸರು, ನಮ್ಮದಕ್ಕೆ ಇನ್ನೊಬ್ಬರ ಹೆಸರು.

ಕಾಡುಹಾದಿ

ಎಲಚಿಯ ವಿಷಯ ಗೊತ್ತಿರಲಿಲ್ಲ ಮೇಡಂ. ಹುಣಸೆ ಬಗ್ಗೆ ನನ್ನ ಮನಸ್ಸು ಪೂರ್ತಿ ಒಪ್ಪಿಲ್ಲ, ಇನ್ನಷ್ಟು ಓದುತ್ತೇನೆ. ಆದರೆ ‘ನಮ್ಮದು’ ಅನ್ನುವುದೂ ‘ಮೂಲ’ ಅನ್ನುವುದೂ ಬೇರೆ ಅನ್ನುವ ಮಾತು ಸರಿ.

ಕಟಾನಿಯಾ ಕನ್ನಡತಿ

ನಾನು ಇಟಲಿಯ ಸಿಸಿಲಿಯಲ್ಲಿದ್ದೇನೆ. ಇಂಡಿಕಾ ಅಂದಕೂಡಲೇ ಇಲ್ಲಿಯ ಸಂತೆ ನೆನಪಾಯಿತು. ಬೇಸಿಗೆ ಮುಗಿಯುತ್ತ ಬಂದ ಹಾಗೆ ಬೀದಿ ಬದಿಯಲ್ಲಿ ರಾಶಿ ರಾಶಿ ‘ಫಿಕಿ ದಿಂಡಿಯಾ’ ಬರುತ್ತದೆ. ಅಂದರೆ ಭಾರತದ ಅಂಜೂರ. ಮೊದಲ ಸಲ ಆ ಹೆಸರು ಕೇಳಿ ಊರಿನ ಹಣ್ಣು ಸಿಕ್ಕಿತು ಅಂತ ಓಡಿದೆ. ನೋಡಿದರೆ ಪಾಪಾಸುಕಳ್ಳಿ ಹಣ್ಣು! ಮಾರುವವನು ದಪ್ಪ ಕೈಗವಸು ಹಾಕಿಕೊಂಡು, ಹಣ್ಣನ್ನು ಫೋರ್ಕಿನಲ್ಲಿ ಒತ್ತಿಹಿಡಿದು, ಎರಡು ತುದಿ ಕತ್ತರಿಸಿ, ಉದ್ದಕ್ಕೆ ಒಂದು ಗೀರು ಹಾಕಿ ಸಿಪ್ಪೆ ಮಗುಚಿ ತೆಗೆದ. ಒಳಗೆ ಕಡುಗೆಂಪು ತಿರುಳು, ತುಂಬ ಬೀಜ. ನಾನು ಅವಸರಕ್ಕೆ ಇನ್ನೊಂದನ್ನು ಬರಿಗೈಲಿ ಎತ್ತಿದೆ. ಕಣ್ಣಿಗೆ ಕಾಣದ ಮುಳ್ಳು ಎರಡು ದಿನ ಬೆರಳಲ್ಲೇ ಇತ್ತು.

ಇಲ್ಲಿಯ ರೈತರ ಒಂದು ಕ್ರಮ ಹೇಳಲೇಬೇಕು. ಜೂನ್ ಸುಮಾರಿಗೆ ಮೊದಲ ಹೂಗಳನ್ನೆಲ್ಲ ಬೇಕೆಂದೇ ಉದುರಿಸಿಬಿಡುತ್ತಾರೆ. ಗಿಡ ಮತ್ತೆ ಹೂ ಬಿಟ್ಟು ಶರತ್ಕಾಲಕ್ಕೆ ಕೊಡುವ ಹಣ್ಣು ದೊಡ್ಡದು, ಬೀಜ ಕಡಿಮೆ, ಬೆಲೆಯೂ ಹೆಚ್ಚು.

ಶಾಸ್ತ್ರೀಯ ಹೆಸರು ಓಪನ್ಷಿಯಾ ಫೈಕಸ್‌-ಇಂಡಿಕಾ. ಗಿಡ ಮೆಕ್ಸಿಕೋದ್ದು! ಭಾರತ ಎಲ್ಲಿಂದ ಬಂತು?

ಪದಮೂಲಿಗ

ಕೊಲಂಬಸನಿಂದ. 1492ರಲ್ಲಿ ಅವನು ಮುಟ್ಟಿದ ದ್ವೀಪಗಳನ್ನು ‘ಇಂಡಿಯಾಸ್’ ಅಂದುಕೊಂಡ. ತಪ್ಪು ಅಂತ ಗೊತ್ತಾದ ಮೇಲೂ ಹೆಸರು ಉಳಿಯಿತು. ಆಮೇಲಿನ ಸುಮಾರು ಮುನ್ನೂರು ವರ್ಷ ಯುರೋಪಿನವರ ಬಾಯಲ್ಲಿ ‘ಇಂಡಿಕುಸ್’ ಅಂದರೆ ಪೂರ್ವದ ಇಂಡೀಸೂ ಆಗಬಹುದು, ಪಶ್ಚಿಮದ ಇಂಡೀಸೂ ಆಗಬಹುದು. ನಮ್ಮ ಪಾರ್ಕುಗಳಲ್ಲಿ ಬೆಳೆಸುವ ಕ್ಯಾನಾ ಹೂವಿನ ಒಂದು ಪ್ರಭೇದ ಕ್ಯಾನಾ ಇಂಡಿಕಾ, ಅದೂ ಅಮೆರಿಕದ್ದೇ.

ಇದರಲ್ಲಿ ಇನ್ನೊಂದು ತಿರುವಿದೆ. ಅಲೆಕ್ಸಾಂಡರನ ದಂಡಿನ ಜೊತೆ ಬಂದವರು ನಮ್ಮ ಆಲದ ಮರ ನೋಡಿ ಬೆರಗಾದರು. ಬಿಳಲು ಇಳಿಬಿಟ್ಟು ತಾನೇ ತೋಪಾಗುವ ಆ ಮರದ ವರ್ಣನೆ ಗಿಡಗಳ ಬಗ್ಗೆ ಬರೆದ ಗ್ರೀಕ್ ಪಂಡಿತ ಥಿಯೋಫ್ರಾಸ್ಟಸನ ಗ್ರಂಥ ಸೇರಿತು, ರೋಮಿನ ಲೇಖಕ ಪ್ಲಿನಿಯೂ ಬರೆದ. ಪ್ರಾಚೀನರ ‘ಭಾರತದ ಅಂಜೂರ’ ಅಂದರೆ ನಮ್ಮ ಆಲ. ಅಮೆರಿಕದಿಂದ ಕಳ್ಳಿಗಿಡ ಬಂದ ಮೇಲೆ ಆ ಹೆಸರು ಕಳ್ಳಿಯ ಪಾಲಾಯಿತು. ಆಲಕ್ಕೆ ಲಿನೇಯಸ್ ಫೈಕಸ್ ಬೆಂಘಾಲೆನ್ಸಿಸ್ ಅಂತ, ಬಂಗಾಳದ ಹೆಸರು ಕೊಟ್ಟ. ನನಗೆ ಇದರಲ್ಲಿ ಆಲಕ್ಕೆ ಅನ್ಯಾಯವಾಯಿತು ಅಂತಲೇ ಅನ್ನಿಸುತ್ತದೆ.

ಪುನರ್ಪುಳಿ ಪುತ್ತೂರು

ಮಾರಾಯ್ರೇ, ಇಷ್ಟು ದೂರ ಹೋಗುವುದು ಯಾಕೆ? ನಾವೂ ಇದನ್ನೇ ಮಾಡಿದ್ದೇವೆ. ‘ಸೀಮೆ’ ಅನ್ನುವ ಪದ ನೋಡಿ. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ, ಸೀಮೆಹುಣಸೆ. ಎಲ್ಲಿಯ ಸೀಮೆ ಅಂತ ಯಾರೂ ಕೇಳುವುದಿಲ್ಲ. ಹಡಗಿನಲ್ಲಿ ಬಂತು, ನಮ್ಮದಲ್ಲ, ಅಷ್ಟೇ ಅರ್ಥ. ಸೀಮೆಬದನೆಯೂ ಸೀಮೆಹುಣಸೆಯೂ ಮೆಕ್ಸಿಕೋ ಕಡೆಯವು, ಆದರೆ ತಂದವರು ಬಿಳಿಯರು ಅಂತ ಸೀಮೆ ಹತ್ತಿತು. ಮೈಸೂರು ಕಡೆಯವರು ಪಪ್ಪಾಯಿಗೆ ಪರಂಗಿ ಹಣ್ಣು ಅನ್ನುತ್ತಾರಲ್ಲ, ಅದು ಫಿರಂಗಿಗಳ ಹಣ್ಣು ಅಂತ; ಹಣ್ಣು ಅಮೆರಿಕದ್ದು, ತಂದವರು ಪೋರ್ಚುಗೀಸರು. ನಮ್ಮ ಮನೆಮಾತಿನಲ್ಲಿ ಸಿಹಿಗುಂಬಳ ಚೀನಿಕಾಯಿ, ಚೀನಾಕ್ಕೂ ಅದಕ್ಕೂ ಹುಟ್ಟಿನ ಸಂಬಂಧ ಇಲ್ಲ.

ನನ್ನ ಲೆಕ್ಕದಲ್ಲಿ ಯುರೋಪಿನವರ ‘ಇಂಡಿಕಾ’ ಅಂದರೆ ಅವರ ‘ಸೀಮೆ’. ದೂರದಿಂದ ಬಂದದ್ದು ಅಂತ ಹೇಳುವ ಪದ.

ಆದರೆ ಒಂದು ಮರಕ್ಕೆ ಆ ಹೆಸರು ಸರಿಯಾಗಿ ಒಪ್ಪುತ್ತದೆ, ನನ್ನ ಹೆಸರಲ್ಲೇ ಇದೆ. ಪುನರ್ಪುಳಿ, ಉತ್ತರ ಕನ್ನಡದವರ ಮುರುಗಲು: ಗಾರ್ಸೀನಿಯಾ ಇಂಡಿಕಾ. ಪಶ್ಚಿಮ ಘಟ್ಟದ ಸ್ವಂತ ಮರ. ಬೇಸಗೆಯಲ್ಲಿ ಅದರ ಸಿಪ್ಪೆಯ ಸಾರು ಕುಡಿದವರಿಗೆ ಬೇರೆ ಸಾಕ್ಷಿ ಬೇಡ.

ಹಳ್ಳಿಕಾರ್ ಜೋಡಿ

ಪುತ್ತೂರಿನ ಅಣ್ಣ ಹೇಳಿದ್ದು ನೂರಕ್ಕೆ ನೂರು ಸತ್ಯ. ನಮ್ಮ ಕೊಟ್ಟಿಗೆಯಲ್ಲೇ ಅದು ಕಾಣುತ್ತೆ. ಒಂದು ಕಡೆ ಹಳ್ಳಿಕಾರ್ ಎತ್ತು: ಹಿಣಿಲು ಎದ್ದಿರುತ್ತೆ, ಗಂಗೆದೊಗಲು ಜೋಲುತ್ತೆ. ಇನ್ನೊಂದು ಕಡೆ ಡೈರಿಗೆ ಹಾಲು ಹಾಕೋಕೆ ಸಾಕಿರೋ ಸೀಮೆಹಸು, ಬೆನ್ನು ಹಲಗೆ ಥರ ಸಮ. ವಿಜ್ಞಾನದ ಹೆಸರು ನಮ್ಮ ನಾಟಿ ತಳಿಗೆ ಬಾಸ್ ಇಂಡಿಕಸ್, ಅದಕ್ಕೆ ಬಾಸ್ ಟಾರಸ್. ಅಂದರೆ ಅವರ ಪುಸ್ತಕದಲ್ಲಿ ನಮ್ಮದು ಸೀಮೆಹಸು, ನಮ್ಮ ಬಾಯಲ್ಲಿ ಅವರದು ಸೀಮೆಹಸು. ಒಂದೇ ಗೋಡೆಗೆ ಎರಡು ಕಡೆಯಿಂದ ಹೆಸರಿಟ್ಟ ಹಾಗೆ.

ಪಶುವೈದ್ಯರು ಹೇಳಿದ್ದು: ಬೆನ್ನ ಮೇಲೆ ಹಿಣಿಲಿರೋ ಈ ದನಗಳನ್ನ ಮೊದಲು ಪಳಗಿಸಿದ್ದು ಸಿಂಧೂ ಕಣಿವೆ ಕಡೆಯಲ್ಲೇ, ಬಲೂಚಿಸ್ತಾನದ ಮೆಹರ್‌ಗಢದಲ್ಲಿ ಅದರ ಹಳೇ ಮೂಳೆ ಸಿಕ್ಕಿವೆ ಅಂತ. ಹೌದಾ ಮೇಡಂ?

ಗಿಡಮೇಡಂ

ಹೌದು. ದನ ನನ್ನ ವಿಷಯವಲ್ಲ, ಆದರೂ ಇದು ಗೊತ್ತಿದೆ. ಮೆಹರ್‌ಗಢದಲ್ಲಿ ಹಿಣಿಲಿನ ದನ ಸಾಕಿದ್ದಕ್ಕೆ ಸುಮಾರು ಎಂಟು ಸಾವಿರ ವರ್ಷದ ಹಿಂದಿನ ಕುರುಹುಗಳಿವೆ. 1758ರಲ್ಲಿ ಲಿನೇಯಸ್ ‘ಇಂಡಿಕಸ್’ ಅಂದಾಗ ಅವನಿಗೆ ಇದ್ಯಾವುದೂ ಗೊತ್ತಿರಲು ಸಾಧ್ಯವಿಲ್ಲ. ಹೆಸರು ಹೊರಟ ನದಿಯ ಸೀಮೆಗೇ ಹೋಗಿ ಸೇರಿದ್ದು ಈ ಒಂದು ಪ್ರಾಣಿಯಲ್ಲಿ! ಅದೇ ಟ್ಯಾಪಿರಸ್ ಇಂಡಿಕಸ್ ಅನ್ನೋ ಪ್ರಾಣಿ ಭಾರತದಲ್ಲಿ ಇಲ್ಲವೇ ಇಲ್ಲ, ಅದು ಮಲಯ ಮತ್ತು ಸುಮಾತ್ರಾ ಕಾಡುಗಳದ್ದು.

ಸೋನಾಮಸೂರಿ

ಭತ್ತದ ಕಡೆಯಿಂದಲೂ ಒಂದು. ಇಂಡಿಕಾ, ಜಪೋನಿಕಾ ಅಂತ ಭತ್ತವನ್ನು ಎರಡು ಮಾಡಿದ್ದು ಜಪಾನಿನ ವಿಜ್ಞಾನಿ ಕಾಟೋ, 1928ರಲ್ಲಿ. ಎರಡನ್ನೂ ಕೂಡಿಸಿದರೆ ಬರುವ ಪೈರಿನಲ್ಲಿ ಜೊಳ್ಳು ಹೆಚ್ಚು ಅನ್ನುವುದು ಅವರ ಮುಖ್ಯ ಆಧಾರ. ಆದರೆ ಚೀನಾದಲ್ಲಿ ಈ ಎರಡೂ ಬಗೆಗೆ ಶತಮಾನಗಳಿಂದ ಷಿಯನ್, ಗೆಂಗ್ ಅಂತ ಹೆಸರಿದ್ದವು. ಈಗ ಅಲ್ಲಿಯ ಸಂಶೋಧಕರು ಪ್ರಬಂಧಗಳಲ್ಲಿ ಆ ಹೆಸರನ್ನೇ ಮುಂದಿಟ್ಟು ಬರೆಯುತ್ತಿದ್ದಾರೆ. ಬೆಳೆದವರು ಇಟ್ಟ ಹೆಸರು ಮೊದಲು ಬರಬೇಕು ಅನ್ನುವುದು ನನಗೂ ನ್ಯಾಯ ಅನ್ನಿಸುತ್ತದೆ.

ಹುಣಸೆತೋಪು

ಇಷ್ಟೊಂದು ಬರುತ್ತದೆ ಅಂದುಕೊಂಡಿರಲಿಲ್ಲ, ಮಗಳು ಎಲ್ಲವನ್ನೂ ನೋಟ್ಸ್ ಮಾಡಿಕೊಳ್ಳುತ್ತಿದ್ದಾಳೆ. ಅವಳದು ಇನ್ನೆರಡು ಪ್ರಶ್ನೆ. ಇಂಡಿಕಾ, ಬೆಂಘಾಲೆನ್ಸಿಸ್ – ಒಂದರಲ್ಲಿ ‘ಇಕಾ’, ಇನ್ನೊಂದರಲ್ಲಿ ‘ಎನ್ಸಿಸ್’, ಯಾಕೆ? ಮತ್ತೆ ತಪ್ಪು ಅಂತ ಗೊತ್ತಿದ್ದ ಮೇಲೆ ಹೆಸರು ಬದಲಾಯಿಸಬಾರದಾ?

ಪದಮೂಲಿಗ

ಎರಡೂ ಊರಿನಿಂದ ವಿಶೇಷಣ ಮಾಡುವ ಪ್ರತ್ಯಯಗಳೇ. ಸಸ್ಯಗಳ ಹೆಸರಿನಲ್ಲಿ ಇವತ್ತು ಅರ್ಥದ ವ್ಯತ್ಯಾಸ ಇಲ್ಲ. ‘ಎನ್ಸಿಸ್’ ಗಂಡಿಗೂ ಹೆಣ್ಣಿಗೂ ಒಂದೇ, ನಪುಂಸಕಕ್ಕೆ ಮಾತ್ರ ‘ಎನ್ಸೆ’.

ಹಳೇ ರೋಮಿನಲ್ಲಿ ಮಾತ್ರ ಕೆಲವು ಕಡೆ ಸೂಕ್ಷ್ಮವಿತ್ತು. ‘ಹಿಸ್ಪಾನುಸ್’ ಅಂದರೆ ಸ್ಪೇನಿನ ಮೂಲದವನು. ‘ಹಿಸ್ಪಾನಿಯೆನ್ಸಿಸ್’ ಅಂದರೆ ಸ್ಪೇನಿನಲ್ಲಿ ಇರುವವನು, ಆದರೆ ಅಲ್ಲಿಯ ಮೂಲದವನಲ್ಲ. ಸ್ಪೇನಿನಲ್ಲಿ ಬೀಡುಬಿಟ್ಟ ರೋಮನ್ ದಂಡಿಗೆ ಹೀಗನ್ನುತ್ತಿದ್ದರು. ನಾವು ‘ಬೆಂಗಳೂರಿನವರು’ ಅಂದಾಗ ‘ಹುಟ್ಟಿ ಬೆಳೆದದ್ದು ಇಲ್ಲೇನಾ, ಕೆಲಸಕ್ಕೆ ಬಂದದ್ದಾ’ ಅಂತ ಕೇಳುತ್ತೇವಲ್ಲ, ಆ ಎರಡಕ್ಕೂ ಅವರ ಹತ್ತಿರ ಬೇರೆ ಬೇರೆ ಪದವಿತ್ತು. ಈ ಸೂಕ್ಷ್ಮವನ್ನು ಗಿಡಗಳಿಗೂ ಉಳಿಸಿಕೊಂಡಿದ್ದರೆ ನಮ್ಮ ಹುಣಸೆಗೆ ಎರಡನೆಯದು ಎಷ್ಟು ಚೆನ್ನಾಗಿ ಒಪ್ಪುತ್ತಿತ್ತು.

ಗಿಡಮೇಡಂ

ಹೆಸರು ಬದಲಾಯಿಸುವ ಬಗ್ಗೆ: ಸಸ್ಯನಾಮಗಳ ಅಂತರರಾಷ್ಟ್ರೀಯ ಸಂಹಿತೆಯ ನಿಯಮವೇ ಇದೆ, ಅರ್ಥ ಹೊಂದುವುದಿಲ್ಲ ಅನ್ನೋ ಒಂದೇ ಕಾರಣಕ್ಕೆ ಕ್ರಮಬದ್ಧ ಹೆಸರನ್ನು ತಳ್ಳಿಹಾಕುವಂತಿಲ್ಲ. ಹಾಗೆ ಶುರು ಮಾಡಿದರೆ ಕಾಫಿಯೂ ಬದಲಾಗಬೇಕು: ಅದು ಕಾಫಿಯಾ ಅರೇಬಿಕಾ, ತವರು ಇಥಿಯೋಪಿಯಾದ ಬೆಟ್ಟಗಳು. ಪೀಚ್ ಹಣ್ಣು ‘ಪರ್ಸಿಕಾ’, ತವರು ಚೀನಾ. ನೂರಾರು ವರ್ಷದ ಬರವಣಿಗೆ, ಒಣಗಿಸಿಟ್ಟ ಮಾದರಿಗಳು ಎಲ್ಲವೂ ಆ ಹೆಸರಿಗೇ ಜೋತುಬಿದ್ದಿವೆ.

ಒಂದು ಅಪವಾದ 2024ರಲ್ಲಿ ಬಂತು. ಮ್ಯಾಡ್ರಿಡ್ ಸಸ್ಯಶಾಸ್ತ್ರ ಸಮ್ಮೇಳನದಲ್ಲಿ ‘ಕ್ಯಾಫ್ರಾ’ ಅನ್ನೋ ವಿಶೇಷಣವನ್ನು ಮತಕ್ಕೆ ಹಾಕಿ ‘ಅಫ್ರಾ’ ಅಂತ ಬದಲಿಸಿದರು. ದಕ್ಷಿಣ ಆಫ್ರಿಕಾದಲ್ಲಿ ಕರಿಯರನ್ನು ಹೀಯಾಳಿಸುವ ಬೈಗುಳಕ್ಕೂ ಅದಕ್ಕೂ ಒಂದೇ ಮೂಲ. ಇನ್ನೂರಕ್ಕೂ ಹೆಚ್ಚು ಹೆಸರು ಬದಲಾದವು. ಅದು ಆಗಲೇಬೇಕಿತ್ತು ಅಂತ ನನ್ನ ಅಭಿಪ್ರಾಯ. ಭೂಗೋಳದ ತಪ್ಪಿಗೂ ಮನುಷ್ಯರನ್ನು ನೋಯಿಸುವ ಪದಕ್ಕೂ ಅಂತರವಿದೆ. ‘ಇಂಡಿಕಾ’ ಯಾರನ್ನೂ ನೋಯಿಸುವುದಿಲ್ಲ, ಇರಲಿ.

ಧಾರವಾಡಿ

ಇನ್ನೊಂದು ನೆನಪಾತು. ನಮ್ಮ ನೀಲಿ ಬಣ್ಣಕ್ಕ ರೋಮಿನವರು ‘ಇಂಡಿಕುಮ್’ ಅಂತಿದ್ರು, ಅದಽ ಮುಂದ ಇಂಡಿಗೋ ಆತು. 1863ರಾಗ ಜರ್ಮನಿಯ ಫ್ರೈಬರ್ಗ್‌ನಾಗ ರೈಶ್ ಮತ್ತ ರಿಕ್ಟರ್ ಅನ್ನೋರು ಹೊಸಾ ಲೋಹ ಕಂಡುಹಿಡದ್ರು. ಅದರ ಬೆಳಕನ್ನ ಬಿಡಿಸಿ ನೋಡಿದ್ರ ಒಂದು ಇಂಡಿಗೋ ನೀಲಿ ಗೆರಿ ಕಂಡ್ತು, ಅದಕ್ಕಽ ‘ಇಂಡಿಯಮ್’ ಅಂತ ಹೆಸರಿಟ್ರು. ಇವತ್ತು ಮೊಬೈಲಿನ ಪರದಿ ಮ್ಯಾಲೆ ತೆಳ್ಳಗ ಸವರಿದ ಪದರಿನಾಗ ಆ ಇಂಡಿಯಮ್ ಅದ. ನಾವು ಈ ಮಾತು ಓದಾಕ ಬೆರಳಿಟ್ಟಲ್ಲೆಽ ಸಿಂಧೂ ಹೆಸರು ಅದರೀ.

ಹುಣಸೆತೋಪು

ಧಾರವಾಡದ ಸರ್, ಮಗಳು ಅದನ್ನು ಓದಿ ಮೊಬೈಲನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು.

ಬೋರ್ಡಿಗೆ ಅವಳೇ ಬರೆದ ಒಕ್ಕಣೆ: ‘ಹುಣಸೆ. ಹಳಗನ್ನಡದಲ್ಲಿ ಪುಣಿಸೆ. ಟ್ಯಾಮರಿಂಡಸ್ ಇಂಡಿಕಾ. ಅರಬ್ಬರು ಭಾರತದ ಖರ್ಜೂರ ಎಂದರು, ಆ ಹೆಸರು ಉಳಿಯಿತು. ಕಾಡು ತವರು ಆಫ್ರಿಕಾ. ಬಹಳ ಹಿಂದಿನಿಂದ ನಮ್ಮೂರಿನದು.’ ಮೇಡಂ, ತಿದ್ದುವುದಿದ್ದರೆ ಹೇಳಿ.

ಗಿಡಮೇಡಂ

ಒಕ್ಕಣೆಯಲ್ಲಿ ತಿದ್ದುವುದು ಏನೂ ಇಲ್ಲ. ಇಂಗ್ಲಿಷ್ ಅಕ್ಷರದಲ್ಲೂ ಬರೆಸುವುದಾದರೆ ಪೇಂಟರಿಗೆ ಹೇಳಿ: ಮೊದಲ ಪದ ಮಾತ್ರ ದೊಡ್ಡಕ್ಷರದಿಂದ ಶುರು, ‘ಇಂಡಿಕಾ’ ದೇಶದ ಹೆಸರಿನಿಂದ ಬಂದಿದ್ದರೂ ಪೂರ್ತಿ ಚಿಕ್ಕಕ್ಷರ. ಎರಡೂ ಪದ ಓರೆಯಾಗಿರಲಿ. ಮತ್ತೆ ಮೊಳೆ ಹೊಡೆಯಬೇಡಿ, ಪಕ್ಕದಲ್ಲಿ ಕಂಬ ನೆಡಿಸಿ.

ಹುಣಸೆತೋಪು

ಕಂಬಕ್ಕೆ ಹೇಳಿದ್ದೇನೆ ಮೇಡಂ. ಹಳೇ ತಗಡು ಕೀಳಲು ಹೋದರೆ ತೊಗಟೆ ಕಿತ್ತು ಬರುತ್ತದೆ, ಅದನ್ನು ಹಾಗೇ ಬಿಟ್ಟಿದ್ದೇವೆ. ‘ಇಂಡಿಕಾ’ದ ಕೊನೆಯ ಅಕ್ಷರದವರೆಗೂ ಮರ ಬಂದಿದೆ.